ಊದುಬತ್ತಿ ಹೊಗೆ ನೋಡಿ ಕೂತ್ಕೊಳ್ಳಿ

(ಮನೆಮನೆ ಸಮೀಕ್ಷೆಗೆ ಹೊರಡುವ ಕನ್ನಡದ ಹುಡುಗ ಹುಡುಗಿಯರಿಗೆ ಮುಂಬೈಯಲ್ಲಿ ಸೋಂಕಿನ ಬಗ್ಗೆ ಕೊಟ್ಟ ಉಪನ್ಯಾಸ. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಮಾನ್‌ಖುರ್ದ್ ಕಡೆಯ ಒಂದು ಏಳು ಮಹಡಿ ಕಟ್ಟಡ ಅಂತ ಇಟ್ಟುಕೊಳ್ಳಿ. ಲಿಫ್ಟ್ ಕೆಟ್ಟಿದೆ. ನೀವು ಏದುಸಿರು ಬಿಡುತ್ತಾ ಐದನೇ ಮಹಡಿ ಹತ್ತಿದ್ದೀರಿ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟ್ಯಾಬ್. ಬಾಗಿಲು ತೆಗೆದವರು ಕಲಬುರಗಿ ಕಡೆಯವರು. ಮರಾಠಿ ಬಿಟ್ಟು ಕನ್ನಡದಲ್ಲಿ ಮಾತಾಡಿಸಿದಿರಿ, ಅಷ್ಟೇ, ಮುಖ ಅರಳಿತು. "ಅಯ್ಯ, ನಮ್ ಕಡೀ ಹುಡುಗಿ ಬಂದಾಳ್ರೀ" ಅಂತ ಒಳಗೆ ಕೂಗಿ ಹೇಳಿದರು. "ಬಾರವ್ವಾ, ಒಳಗ ಬಾ, ಕುಂದ್ರು."

ಈಗ ಹೇಳಿ, ನಿಮ್ಮನ್ನು ಎಲ್ಲಿ ಕೂರಿಸುತ್ತಾರೆ? ಬಾಗಿಲ ಹತ್ತಿರ ಕೂರಿಸುವುದಿಲ್ಲ, ಅಲ್ಲಿ ಚಪ್ಪಲಿ ಇರುತ್ತವೆ. ಬಂದವರಿಗೆ ಒಳ್ಳೆಯ ಜಾಗ ಕೊಡಬೇಕು. ಒಳ್ಳೆಯ ಜಾಗ ಅಂದರೆ ಹತ್ತಡಿ ಹನ್ನೆರಡಡಿ ಖೋಲಿಯ ತೀರಾ ಒಳಗಿನ ಗೋಡೆಗೆ ತಾಗಿಸಿದ ಮಂಚ, ಫ್ಯಾನಿನ ನೇರ ಕೆಳಗೆ. ಮೂರು ತಿಂಗಳಿಂದ ಕೆಮ್ಮುತ್ತಿರುವ ಅಜ್ಜ ಮಲಗುವುದೂ ಅದೇ ಮಂಚದ ಮೇಲೆ.

ನಾನು ಈ ಕೆಲಸಕ್ಕೆ ಬಂದು 19 ವರ್ಷ ಆಯಿತು. ಸೋಂಕಿನ ವಿಷಯದಲ್ಲಿ ಫೀಲ್ಡ್‌ಗೆ ಹೋದವರು ಮಾಡುವ ಮೊದಲ ತಪ್ಪು ಯಾವುದು ಅಂತ ಕೇಳಿದರೆ ಎಲ್ಲರೂ ಮಾಸ್ಕ್ ಅನ್ನುತ್ತಾರೆ. ನನ್ನ ಪ್ರಕಾರ ತೋರಿಸಿದ ಜಾಗದಲ್ಲಿ ಹೋಗಿ ಕೂರುವುದೇ ಮೊದಲ ತಪ್ಪು. ತರಬೇತಿಯಲ್ಲಿ ಮಾಸ್ಕ್ ಕೊಡುತ್ತಾರೆ, ಸ್ಯಾನಿಟೈಸರ್ ಬಾಟಲಿ ಕೊಡುತ್ತಾರೆ, ಎಲ್ಲಿ ಕೂರಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಇವತ್ತು ಕೂರುವ ಜಾಗ ಮತ್ತು ಆಡುವ ಮಾತು, ಇವೆರಡರ ಬಗ್ಗೆ ಜಾಸ್ತಿ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನಿನ ಬಗ್ಗೆ ಕಡಿಮೆ.

ಮೊದಲು ಗಾಳಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ನಮ್ಮ ದೇಶದವರು. ಮಾಮೂಲಿ ಔಷಧಿಗೆ ಬಗ್ಗದ ಟಿಬಿಯೂ ಮುಂಬೈಯಲ್ಲಿ ಇದೆ. ಕೆಮ್ಮಿದಾಗ ಹಾರುವ ದೊಡ್ಡ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ, ಅದರದು ದೊಡ್ಡ ಚಿಂತೆ ಇಲ್ಲ. ತೀರಾ ಸಣ್ಣ ಕಣ ಬೀಳುವುದೇ ಇಲ್ಲ, ಗಂಟೆಗಟ್ಟಲೆ ತೇಲುತ್ತಾ ಇರುತ್ತದೆ. ಅಜ್ಜ ಎದ್ದು ಕೆಳಗೆ ಚಹಾ ಕುಡಿಯಲು ಹೋಗಿರಬಹುದು, ಅವರ ಕೆಮ್ಮು ಮಾತ್ರ ಇನ್ನೂ ಖೋಲಿಯಲ್ಲೇ ಇರುತ್ತದೆ. ದಡಾರ ಇನ್ನೂ ಕೆಟ್ಟದ್ದು. ಮಗು ಎದ್ದು ಹೋದ ಮೇಲೂ ಎರಡು ಗಂಟೆ ತನಕ ಆ ಗಾಳಿಯಿಂದ ಅಂಟಬಹುದು. 2022ರ ಕೊನೆಯಲ್ಲಿ ಗೋವಂಡಿ ಕಡೆ ದಡಾರ ಎದ್ದಾಗ, ಇಲ್ಲಿಯವರು ಗೋವರ್ ಅನ್ನುತ್ತಾರಲ್ಲ ಅದೇ, ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿದ್ದವು. "ರೋಗಿ ಎದುರಿಗಿಲ್ಲ, ನಂಗೇನಾಗುತ್ತೆ" ಅನ್ನುವ ಧೈರ್ಯ ಆವತ್ತು ಯಾರ ಕೆಲಸಕ್ಕೂ ಬರುತ್ತಿರಲಿಲ್ಲ.

ಟಿಬಿ ಅಂಟಿದವರಿಗೆಲ್ಲ ರೋಗ ಬರುವುದಿಲ್ಲ, ಅದೂ ಗೊತ್ತಿರಲಿ. ನೂರು ಜನಕ್ಕೆ ಅಂಟಿದರೆ ಇಡೀ ಜೀವಮಾನದಲ್ಲಿ ಐದರಿಂದ ಹತ್ತು ಜನಕ್ಕೆ ರೋಗ ಆಗಬಹುದು. ಹೆದರಿ ಮನೆಯಲ್ಲಿ ಕೂರುವ ವಿಷಯ ಅಲ್ಲ ಇದು. ಆದರೆ ಅಂಟುವುದು ಬಿಡುವುದು ಎಷ್ಟು ಹೊತ್ತು ಕೂತಿರಿ, ಎಂಥ ಗಾಳಿಯಲ್ಲಿ ಕೂತಿರಿ ಅನ್ನುವುದರ ಮೇಲೆ ನಿಂತಿದೆ. ಮಾನ್‌ಖುರ್ದ್, ಗೋವಂಡಿಯ ಪುನರ್ವಸತಿ ಕಟ್ಟಡಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಡಾಕ್ಟರ್ಸ್ ಫಾರ್ ಯೂ ಅನ್ನುವ ಸಂಸ್ಥೆಯವರು ಐಐಟಿ ಬಾಂಬೆಯವರ ಜೊತೆ ಸೇರಿ ಮಾಡಿದ್ದು. ಕಟ್ಟಡ ಕಟ್ಟಡದ ನಡುವೆ ಬರೀ ಮೂರು ಮೀಟರ್ ಜಾಗ, ಕೆಳಗಿನ ಮಹಡಿಗಳಿಗೆ ಬಿಸಿಲೂ ಇಲ್ಲ ಗಾಳಿಯೂ ಇಲ್ಲ, ಅಂಥ ಕಡೆ ಟಿಬಿ ಜಾಸ್ತಿ ಅಂತ ಅದರಲ್ಲಿತ್ತು. ನಿಮ್ಮ ಸ್ಯಾಂಪಲ್ ಮನೆಗಳಲ್ಲಿ ಅರ್ಧಕ್ಕರ್ಧ ಇಂಥವೇ ಇರುತ್ತವೆ.

ಈಗ ಊದುಬತ್ತಿ ವಿಷಯ. ಖೋಲಿ ಒಳಗೆ ಕಾಲಿಟ್ಟ ತಕ್ಷಣ ದೇವರ ಗೂಡು ನೋಡಿ. ನಮ್ಮ ಜನರ ಮನೆ ಅಂದ ಮೇಲೆ ಯಲ್ಲಮ್ಮನೋ ಶರಣಬಸಪ್ಪನೋ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ, ಬೆಳಿಗ್ಗೆ ಹೊತ್ತಲ್ಲಿ ಊದುಬತ್ತಿ ಉರಿಯುತ್ತಾ ಇರುತ್ತದೆ. ಆ ಹೊಗೆಯನ್ನು ಅರ್ಧ ನಿಮಿಷ ನೋಡಿ. ಬೂದಿ ತುದಿಯಿಂದ ಒಂದು ಗೇಣು ನೆಟ್ಟಗೆ ಎದ್ದು ಆಮೇಲೆ ಒಂದು ಕಡೆ ವಾಲುತ್ತದೆ. ಆ ವಾಲುವ ಕಡೆಗೇ ಮನೆಯ ಗಾಳಿ ಹೋಗುತ್ತಿದೆ. ಬಾಗಿಲ ಕಡೆ ಹೋದರೆ ಸಂತೋಷ. ನೆಟ್ಟಗೆ ಸೂರಿಗೆ ಹೋಗಿ ಅಲ್ಲೇ ಮೋಡದ ಥರ ನಿಂತರೆ ಆ ಮನೆಯಲ್ಲಿ ಗಾಳಿ ಆಡುತ್ತಿಲ್ಲ ಅಂತ ಲೆಕ್ಕ, ಅಲ್ಲಿ ಎರಡು ಗಂಟೆಯ ಫಾರ್ಮ್ ತುಂಬಲು ಕೂರಬೇಡಿ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ, ಟಿಬಿ ವಾರ್ಡುಗಳಲ್ಲಿ ಗಾಳಿ ಎತ್ತ ಹೋಗುತ್ತೆ ಅಂತ ನೋಡಲು ಊದುಬತ್ತಿ ಹಚ್ಚುತ್ತಾರೆ. ನಮಗೆ ಹಚ್ಚುವ ಕೆಲಸವೂ ಇಲ್ಲ, ಮನೆಯವರೇ ಹಚ್ಚಿರುತ್ತಾರೆ.

ಗೊತ್ತಾದ ಮೇಲೆ ಎಲ್ಲಿ ಕೂರಬೇಕು? ಗಾಳಿ ಬರುವ ಕಡೆ ನಾವು, ಹೋಗುವ ಕಡೆ ಅವರು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಹೊಳೆಯಿತು, ಹಾಗೆ ಕೂತರೆ ನನ್ನ ಉಸಿರೆಲ್ಲ ಅವರ ಮುಖಕ್ಕೆ ಹೋಗುತ್ತಲ್ಲ! ದಿನಕ್ಕೆ ಐದು ಮನೆ ಸುತ್ತುವವಳು ನಾನು. ಅವರು ಆ ದಿನ ನೋಡುವ ಹೊರಗಿನ ಮುಖ ಒಂದೇ, ನನ್ನದು. ಲೆಕ್ಕ ಹಾಕಿದರೆ ಅವರಿಂದ ನನಗೆ ಬರುವುದಕ್ಕಿಂತ ನನ್ನಿಂದ ಅವರಿಗೆ ಹೋಗುವುದೇ ಸುಲಭ. ಅದಕ್ಕೆ ಈಗ ಅಡ್ಡ ಕೂರುತ್ತೇನೆ. ಬಾಗಿಲು ಮತ್ತು ಕಿಟಕಿ ಎದುರುಬದುರು ಇದ್ದರೆ, ಆ ಗೆರೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಗಾಳಿ ಇಬ್ಬರ ನಡುವೆ ಹಾದು ಹೋಗಲಿ. ಎದುರಿನವರು ಕೆಮ್ಮುತ್ತಿದ್ದರೆ ಮಾತ್ರ ಮಾಸ್ಕ್ ಹಾಕಿಕೊಂಡು ಗಾಳಿ ಬರುವ ಕಡೆಗೆ ಸರಿಯುತ್ತೇನೆ. ಮೇಲಿನ ಫ್ಯಾನ್ ಇದ್ದ ಗಾಳಿಯನ್ನೇ ಕಲಸುತ್ತದೆ, ಹೊರಗೆ ಹಾಕುವುದಿಲ್ಲ. ಟೇಬಲ್ ಫ್ಯಾನ್ ಇದ್ದರೆ ಬಾಗಿಲಿಗೆ ಮುಖ ಮಾಡಿ ಇಡಿ, ಅದು ಒಳಗಿನದನ್ನು ಆಚೆ ತಳ್ಳುತ್ತದೆ.

ಇನ್ನು, ಮಂಚ ಬಿಟ್ಟು ಹೊಸ್ತಿಲ ಹತ್ತಿರ ಕೂರಲು ಏನು ಹೇಳುವುದು? ಎಲ್ಲರೂ ಹೇಳುವ ಸುಳ್ಳು ಒಂದಿದೆ, "ಟ್ಯಾಬ್‌ಗೆ ನೆಟ್‌ವರ್ಕ್ ಇಲ್ಲೇ ಸಿಗುತ್ತೆ ಅಕ್ಕಾ." ನಾನೂ ಹೇಳುತ್ತಿದ್ದೆ. ಕುರ್ಲಾದಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಅಕ್ಕಾ, ಇದು ಆಫ್‌ಲೈನ್ ಅದ ಅಲ್ಲ?" ಅಂದ. ಅವರಮ್ಮ ನನ್ನ ಮುಖ ನೋಡಿದರು. ಆಮೇಲೆ ಆ ಮನೆಯಲ್ಲಿ ಸಿಕ್ಕ ಉತ್ತರಗಳೆಲ್ಲ ಹೌದು, ಇಲ್ಲ, ಗೊತ್ತಿಲ್ಲ, ಇಷ್ಟೇ. ಈಗ ನಿಜವನ್ನೇ ಹೇಳುತ್ತೇನೆ. "ಅಕ್ಕಾ, ಸೆಕೆ ನೋಡ್ರಿ, ಇಲ್ಲೇ ಗಾಳಿಗೆ ಕೂತ್ಕೊಳ್ಳೋಣ." ಮುಂಬೈಯಲ್ಲಿ ವರ್ಷದಲ್ಲಿ ಹನ್ನೊಂದು ತಿಂಗಳು ಈ ಮಾತು ಸುಳ್ಳಾಗುವುದಿಲ್ಲ.

ಹಾಗಾದರೆ ಹೊರಗೇ ಕೂತರೆ ಆಯಿತಲ್ಲ, ಚಾಳಿನ, ಅಂದರೆ ವಠಾರದ, ಗ್ಯಾಲರಿ ಇದೆ, ಗಾಳಿ ಚೆನ್ನಾಗಿದೆ ಅಂತ ನೀವು ಕೇಳಬಹುದು. ಸರಿ, ಗ್ಯಾಲರಿಯಲ್ಲಿ ಗಾಳಿ ಇದೆ. ಜೊತೆಗೆ ಪಕ್ಕದ ಮನೆಯವರ ಕಿವಿಯೂ ಇದೆ. ನೀವು ಕೇಳಬೇಕಾದ ಪ್ರಶ್ನೆ "ಮನೆಯಲ್ಲಿ ಎಷ್ಟು ಜನ" ಅಂತ ಆಗಿದ್ದರೆ ಪರವಾಗಿಲ್ಲ. "ಗಂಡ ಹೊಡೀತಾರಾ", "ಮಕ್ಕಳಾಗದಂತೆ ಏನು ಮಾಡ್ತೀರಿ", "ಟಿಬಿ ಗುಳಿಗೆ ನಡುವೆ ಬಿಟ್ಟಿದ್ದೀರಾ", ಇವನ್ನು ಗ್ಯಾಲರಿಯಲ್ಲಿ ಕೇಳಿದರೆ ನಿಮ್ಮ ಶ್ವಾಸಕೋಶ ಉಳಿಯುತ್ತದೆ, ಆ ಹೆಂಗಸಿನ ಮಾನ ಹೋಗುತ್ತದೆ. ಈ ಗಂಟು ಪೂರ್ತಿ ಬಿಡಿಸಿದವರನ್ನು ನಾನು ಕಂಡಿಲ್ಲ. ನಾನು ಮಾಡುವುದು ಇಷ್ಟು. ಫಾರ್ಮನ್ನು ಮೊದಲೇ ಓದಿ ಎರಡು ಪಾಲು ಮಾಡುತ್ತೇನೆ. ಮನೆ ಮಂದಿಯ ಪಟ್ಟಿ, ನೀರು, ಶೌಚಾಲಯ, ಗ್ಯಾಸು, ಟಿವಿ, ಇವೆಲ್ಲ ಗ್ಯಾಲರಿಯಲ್ಲಿ. ಗುಟ್ಟಿನ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಒಳಗೆ, ಕಿಟಕಿ ತೆಗೆದು, ಇಬ್ಬರಿಗೂ ಮಾಸ್ಕ್ ಹಾಕಿ. ಕೆಲವು ಪ್ರಾಜೆಕ್ಟ್‌ಗಳಲ್ಲಿ ಹೆಡ್‌ಫೋನ್ ಕೊಡುತ್ತಾರೆ, ಪ್ರಶ್ನೆ ಅವರ ಕಿವಿಗೆ ಬೀಳುತ್ತದೆ, ಉತ್ತರ ಅವರೇ ಟ್ಯಾಬ್‌ನಲ್ಲಿ ಒತ್ತುತ್ತಾರೆ. ಹಾಗಿದ್ದರೆ ಗ್ಯಾಲರಿಯಲ್ಲೇ ಮುಗಿಸಬಹುದು. ಕಟ್ಟಡದ ಟೆರೇಸ್, ಮಧ್ಯಾಹ್ನ ಖಾಲಿ ಇರುವ ಬಾಲವಾಡಿ, ಗುಡಿಯ ಕಟ್ಟೆ, ಇವನ್ನೂ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಈಗ ನನ್ನದೇ ಕಥೆ ಹೇಳುತ್ತೇನೆ. ಹೇಳಿಕೊಳ್ಳಲು ಖುಷಿ ಇಲ್ಲ, ಆದರೂ ಹೇಳಬೇಕು.

2011ರ ಏಪ್ರಿಲ್. ವಡಾಳಾ ಕಡೆ ಯಾದಗಿರಿಯವರ ಒಂದು ಮನೆ. ಕಟ್ಟಡದ ಕೆಲಸಕ್ಕೆ ಬಂದವರು. ಬಾಗಿಲ ಮೇಲೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಯುಗಾದಿ ಕಟ್ಟಿದ್ದು ಇರಬೇಕು, ಇನ್ನೂ ತೆಗೆದಿಲ್ಲ ಅಂತ ಅಂದುಕೊಂಡೆ. ಯುಗಾದಿ ಕಳೆದು ಹತ್ತು ದಿನ ಆಗಿತ್ತು, ಬೇವು ಮಾತ್ರ ಹಸಿಹಸಿಯಾಗಿತ್ತು. ಅದು ತಲೆಗೆ ಹೋಗಲಿಲ್ಲ. ನಿಯಮದ ಪ್ರಕಾರ ಕೇಳಿದೆ, "ಮನೆಯಲ್ಲಿ ಯಾರಿಗಾದರೂ ಹುಷಾರಿಲ್ವಾ? ಜ್ವರ, ರೋಗ ಏನಾದರೂ?" ಮನೆಯಾಕೆ "ಇಲ್ಲವ್ವಾ, ಏನಿಲ್ಲ" ಅಂದರು. ಒಳಗೆ ಕೂತು ಒಂದು ಗಂಟೆ ಫಾರ್ಮ್ ತುಂಬಿದೆ. ಅಟ್ಟದ ಮೇಲೆ ಒಂದು ಮಗು ಮಲಗಿತ್ತು. ಮಧ್ಯಾಹ್ನದ ನಿದ್ದೆ ಅಂದುಕೊಂಡೆ.

ಸರಿಯಾಗಿ 15 ದಿನಕ್ಕೆ ನನಗೆ ಮೈ ಬಿಸಿ. ಪ್ರಾಜೆಕ್ಟ್ ಮುಗಿಯಲು ಒಂಬತ್ತು ಫಾರ್ಮ್ ಬಾಕಿ ಇತ್ತು, ಗುಳಿಗೆ ನುಂಗಿ ಎರಡು ದಿನ ಓಡಾಡಿ ಒಂಬತ್ತೂ ಮನೆ ಮುಗಿಸಿದೆ. ಮೂರನೇ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಹಣೆ ತುಂಬ ನೀರುಗುಳ್ಳೆ. ಸೀತಾಳೆ ಸಿಡುಬು, ಚಿಕನ್‌ಪಾಕ್ಸ್. ಚಿಕ್ಕಂದಿನಲ್ಲಿ ನನಗೆ ಬಂದಿರಲಿಲ್ಲ. ಅಂಟಿದ ಮೇಲೆ ಕಾಣಿಸಿಕೊಳ್ಳಲು ಹತ್ತರಿಂದ 21 ದಿನ ಬೇಕು, ಮತ್ತೆ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ನಾವು ಇನ್ನೊಬ್ಬರಿಗೆ ಅಂಟಿಸಲು ಶುರು ಮಾಡಿರುತ್ತೇವೆ. ನಾನು ಒಂಬತ್ತು ಮನೆ ಸುತ್ತಿದ ಆ ಎರಡು ದಿನ ಅಂದರೆ ಅದೇ.

ಹಾಸಿಗೆಯಲ್ಲಿ ಬಿದ್ದುಕೊಂಡು ಹಿಂದಕ್ಕೆ ಲೆಕ್ಕ ಹಾಕಿದಾಗ ಆ ಬೇವು ನೆನಪಾಯಿತು. ಆ ಮನೆಯಾಕೆ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ರೋಗವೇ ಅಲ್ಲ. ಅಮ್ಮ ಬಂದಿದ್ದಾಳೆ. ಅಮ್ಮ ಬಂದರೆ ಬಾಗಿಲಿಗೆ ಬೇವು, ಮಗುವಿಗೆ ತಂಪು, ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ ಇದು, ನನ್ನ ಅಜ್ಜಿ ಆಗಿದ್ದರೆ ಆ ಬಾಗಿಲಿಂದಲೇ ಕೈಮುಗಿದು ಹಿಂದೆ ಹೋಗುತ್ತಿದ್ದರು. ಮನೆಯವರು ಬಾಗಿಲ ಮೇಲೆ ಬರೆದು ಹಾಕಿದ ಹಾಗೆ ಹೇಳಿದ್ದರು, ಓದಲು ಬಾರದವಳು ನಾನು. ಮತ್ತೆ ಬಂದವಳನ್ನು ಬಾಗಿಲಿಂದ ಹಿಂದೆ ಕಳಿಸುವುದು ಅವರಿಗೆ ಹೇಗೆ ಸಾಧ್ಯ? ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. ಸರ್ಕಾರದವಳು ಅಂತ ತಿಳಿದಿರುತ್ತಾರೆ.

ಆ ಒಂಬತ್ತು ಮನೆಗಳಲ್ಲಿ ಒಂದರಲ್ಲಿ ಏಳು ತಿಂಗಳ ಬಸುರಿ ಇದ್ದಳು. ಬಸುರಿಗೆ ಇದು ಬಂದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ಫೋನ್ ಮಾಡೋಣ ಅಂದರೆ ಸೂಪರ್‌ವೈಸರ್ ಬೇಡ ಅಂದರು, ಜನ ಹೆದರುತ್ತಾರೆ, ಏರಿಯಾದಲ್ಲಿ ಮುಂದೆ ಯಾರೂ ಬಾಗಿಲು ತೆಗೆಯುವುದಿಲ್ಲ ಅಂತ. ನಾನು ಮಾಡಿದೆ. ಒಂಬತ್ತೂ ಮನೆಗೆ. ಏಳು ಮನೆಯವರು "ಅಯ್ಯೋ, ಹುಷಾರಾಗ್ರಿ" ಅಂದರು. ಒಬ್ಬರು ಫೋನ್ ಇಟ್ಟರು. ಒಬ್ಬರು ಚೆನ್ನಾಗಿ ಬೈದರು, ಮನೆಯಲ್ಲಿ ಸಣ್ಣ ಕೂಸಿತ್ತು, ಬೈದದ್ದು ಸರಿಯೇ. ಆ ಬಸುರಿ ಹುಡುಗಿಗೆ ಎಂಟನೇ ವರ್ಷದಲ್ಲೇ ಅಮ್ಮ ಬಂದು ಹೋಗಿತ್ತಂತೆ. ಅದನ್ನು ಕೇಳಿ ನಾನು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಅಲ್ಲಿಂದ ಎರಡು ಅಭ್ಯಾಸ ಆಯಿತು. ಒಂದು, ಡೈರಿ. ಯಾವ ಮನೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಲ್ಲಿ ಕೂತೆ, ಕಿಟಕಿ ತೆರೆದಿತ್ತಾ, ಯಾರಾದರೂ ಕೆಮ್ಮುತ್ತಿದ್ದರಾ. ಹೆಸರು ಬರೆಯುವುದಿಲ್ಲ, ಮನೆಯ ಕೋಡ್ ಮಾತ್ರ. ನಿಮಗೆ ಏನಾದರೂ ಬಂದಾಗ ಯಾರಿಗೆ ಹೇಳಬೇಕು ಅಂತ ಗೊತ್ತಾಗಲು ಇದು. ಯಾವ ಮನೆಯಿಂದ ಬಂತು ಅಂತ ಆಫೀಸಿನಲ್ಲಿ ಹೇಳಿಕೊಂಡು ತಿರುಗಲು ಅಲ್ಲ, ನೆನಪಿರಲಿ.

ಇನ್ನೊಂದು, ಕೇಳುವ ಪ್ರಶ್ನೆ. "ರೋಗ ಇದೆಯಾ" ಅಂತ ಈಗ ಕೇಳುವುದಿಲ್ಲ. ಹಿಂದಿನ ದಿನ ಸಂಜೆ ಫೋನ್ ಮಾಡಿ, "ನಾಳೆ ಬರ್ತೀನಿ ಅಕ್ಕಾ, ಮನ್ಯಾಗ ಯಾರಾದರೂ ಮಲಗ್ಯಾರೇನು?" ಅಂತ ಕೇಳುತ್ತೇನೆ. "ಸಾಲಿಗೆ ಹೋಗದ ಹುಡುಗರು ಅದಾರೇನು? ಅಮ್ಮ ಬಂದಾಳೇನು? ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಯಾರಿಗಾದರೂ?" ಮಂಗಳೂರು ಕಡೆಯವರ ಮನೆ ಆದರೆ ಮಾತು ಬೇರೆ, ಮರಾಠಿಯವರ ಮನೆ ಆದರೆ ಚಿಕನ್‌ಪಾಕ್ಸ್‌ಗೆ ಕಾಂಜಿಣ್ಯಾ, ದಡಾರಕ್ಕೆ ಗೋವರ್ ಅಂತ ಅವರ ಹೆಸರುಗಳನ್ನೇ ಹಿಡಿದು ಕೇಳಬೇಕು. ಇದಾದ ಮೇಲೆ ನನ್ನ ಕಡೆಯದನ್ನೂ ಹೇಳುತ್ತೇನೆ. "ನನಗೂ ನಾಳೆ ಜ್ವರ ನೆಗಡಿ ಏನಾದರೂ ಆದರೆ ಬರೋದಿಲ್ಲ, ಫೋನ್ ಮಾಡ್ತೀನಿ." ಈ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ನೀವು ಬರುವುದು ಮುಂದೆ ಹಾಕಬಹುದು ಅಂತ ಗೊತ್ತಾದ ಮೇಲೆ ಅವರಿಗೂ "ಇವತ್ತು ಬ್ಯಾಡವ್ವಾ" ಅನ್ನಲು ಬಾಯಿ ಬರುತ್ತದೆ.

ಎರಡು ವಾರ ಮೀರಿದ ಕೆಮ್ಮು ಅಂತ ಗೊತ್ತಾದರೆ ಸುಮ್ನೆ ಬರೆದುಕೊಂಡು ಬರಬೇಡಿ. ಕಫದ ಪರೀಕ್ಷೆ, ಔಷಧಿ ಎರಡೂ ಪಾಲಿಕೆಯ ದವಾಖಾನೆಯಲ್ಲಿ ಬಿಟ್ಟಿ. ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆ ಅಂತ ಕೇಂದ್ರ ಸರ್ಕಾರ ತಿಂಗಳಿಗೆ ದುಡ್ಡೂ ಕೊಡುತ್ತದೆ. 2018ರಲ್ಲಿ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000. ಇದನ್ನು ಹೇಳಲು ಒಂದು ನಿಮಿಷ ಸಾಕು.

ಮಾಸ್ಕ್‌ಗೆ ಬರೋಣ. ಎನ್95 ಹಾಕಿ, ಮೂಗಿನ ಮೇಲೆ ತಂತಿ ಒತ್ತಿ, ಜೋರಾಗಿ ಉಸಿರು ಬಿಟ್ಟಾಗ ಪಕ್ಕದಿಂದ ಗಾಳಿ ನುಗ್ಗಬಾರದು. ಗಡ್ಡ ಬಿಟ್ಟ ಹುಡುಗರೇ, ನಿಮ್ಮ ಮಾಸ್ಕ್ ಕೂರುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಮುಂದೆ ಪ್ಲಾಸ್ಟಿಕ್ ಕವಾಟ ಇರುವ ಮಾಸ್ಕ್ ಬೇಡ, ಅದು ನಿಮ್ಮ ಉಸಿರನ್ನು ಸೋಸದೆ ಹಾಗೇ ಹೊರಗೆ ಬಿಡುತ್ತದೆ. ಮತ್ತೆ ಬಳಸುವುದಿದ್ದರೆ ಕಾಗದದ ಲಕೋಟೆಯಲ್ಲಿ ಇಡಿ, ಪ್ಲಾಸ್ಟಿಕ್‌ನಲ್ಲಿ ಬೆವರುತ್ತೆ. ಕೆಮ್ಮುತ್ತಿರುವವರಿಗೆ ಎನ್95 ಕೊಡುವುದೂ ಬೇಕಿಲ್ಲ, ಮಾಮೂಲಿ ಸರ್ಜಿಕಲ್ ಮಾಸ್ಕ್ ಸಾಕು.

ಆದರೆ ಹಾಕುವ ಸಮಯ ಮುಖ್ಯ. ಮಾಸ್ಕ್ ಹಾಕಿಕೊಂಡೇ ಬಾಗಿಲು ಬಡಿಯಬೇಡಿ. ಗ್ಯಾಲರಿಯಲ್ಲಿ, ಎರಡು ಹೆಜ್ಜೆ ಹಿಂದೆ ನಿಂತು ಮುಖ ತೋರಿಸಿ, ಕಾರ್ಡು ತೋರಿಸಿ, ಊರು ಯಾವುದು ಅಂತ ಹೇಳಿ. ಆಮೇಲೆ ಅವರ ಕಣ್ಣೆದುರೇ ಹಾಕಿಕೊಳ್ಳಿ. "ಆಯಿ, ದಿನಾ ಐದು ಮನೆ ತಿರುಗ್ತೀನಿ, ನನ್ನಿಂದ ನಿಮಗ ಏನೂ ಹತ್ತಬಾರದು ಅಂತ ಇದು." ಇದು ನಾಟಕ ಅಲ್ಲ, ನಿಜವೇ.

ಕೈ ಒರೆಸಿಕೊಳ್ಳುವುದು ಇನ್ನೂ ನಾಜೂಕು. ನೂರಕ್ಕೆ 60 ಭಾಗವಾದರೂ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ತಗೊಳ್ಳಿ, ಇಪ್ಪತ್ತು ಸೆಕೆಂಡ್ ತಿಕ್ಕಿ, ಎಲ್ಲ ಸರಿ. ಆದರೆ ಯಾವಾಗ? ಅವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು, ಟ್ಯಾಬ್ ವಾಪಸ್ ಕೊಟ್ಟರು, ನೀವು ತಕ್ಷಣ ಬಾಟಲಿ ತೆಗೆದು ಕೈ ತಿಕ್ಕಿಕೊಂಡಿರಿ. ನಿಮಗೆ ಅದು ವಿಜ್ಞಾನ. ಅವರಿಗೆ ಅದು ಮೈಲಿಗೆ. ತಲೆತಲಾಂತರದಿಂದ ಮುಟ್ಟಿಸಿಕೊಳ್ಳದೆ ಬಾಳಿದ ಮನೆಯವರು ಆ ತಿಕ್ಕಾಟವನ್ನು ಬೇರೆ ಹೇಗೆ ಓದುತ್ತಾರೆ? ಅದಕ್ಕೆ ಒಳಗೆ ಹೋಗುವಾಗಲೇ, ಎಲ್ಲರೂ ನೋಡುವಂತೆ ತಿಕ್ಕಿಕೊಳ್ಳಿ, ಅವರ ಕೈಗೂ ನಾಲ್ಕು ಹನಿ ಹಾಕಿ, ಮಕ್ಕಳಿಗೆ ಬಹಳ ಇಷ್ಟ ಅದು. ಮುಗಿದ ಮೇಲಿನದ್ದು ಮೆಟ್ಟಿಲ ತಿರುವಿನಲ್ಲಿ. ಅಲ್ಲಿಯ ತನಕ ಕಣ್ಣು ಮೂಗು ಮುಟ್ಟಬೇಡಿ, ಅಷ್ಟೇ.

ನೀರಿನದೂ ಇದೇ ಕಥೆ. ಕೊಟ್ಟ ನೀರು ಕುಡಿಯದಿದ್ದರೆ "ನಮ್ಮನಿ ನೀರು ಕುಡಿಯಂಗಿಲ್ಲೇನು" ಅಂತ ಕೇಳಿಯೇ ಬಿಡುತ್ತಾರೆ. ಟೈಫಾಯ್ಡ್, ಕಾಮಾಲೆ ಎರಡೂ ನೀರಲ್ಲೇ ಬರುವಂಥವು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಕಡೆ ಜನ ಕೈಕಾಲು ಸೋತು ಆಸ್ಪತ್ರೆ ಸೇರಿದರಲ್ಲ, ಅಲ್ಲೂ ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆಯೇ. ನನ್ನ ಉಪಾಯ ಹಳೆಯದು. "ನೀರು ಬ್ಯಾಡಕ್ಕ, ಚಾ ಮಾಡ್ರಿ, ಕುಡೀತೀನಿ." ಕುದ್ದದ್ದು ಸುರಕ್ಷಿತ, ಮರ್ಯಾದೆಯೂ ಉಳಿಯಿತು. ಚಹಾ ಕುಡಿಯಲು ಮಾಸ್ಕ್ ಇಳಿಸಬೇಕಲ್ಲ ಅಂತ ಯಾರೋ ನಗುತ್ತಿದ್ದೀರಿ, ಕಾಣುತ್ತಿದೆ. ಫಾರ್ಮ್ ಮುಗಿದ ಮೇಲೆ ಗ್ಯಾಲರಿಯಲ್ಲಿ ನಿಂತು ಕುಡಿಯಿರಿ. ಹುಡುಗಿಯರಿಗೆ ಒಂದು ಮಾತು, ಶೌಚಾಲಯ ಸಿಗುವುದಿಲ್ಲ ಅಂತ ದಿನವಿಡೀ ನೀರೇ ಕುಡಿಯದೆ ಇರುತ್ತೀರಿ. ಉರಿಮೂತ್ರ ಹಿಡಿಯುವುದು ಹಾಗೇ. ಸ್ವಂತ ಬಾಟಲಿ ಇಟ್ಟುಕೊಳ್ಳಿ, ರೈಲ್ವೆ ಸ್ಟೇಷನ್ ಹತ್ತಿರದ ಮನೆಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಸ್ವಲ್ಪ ಆಚೆ ಹೋಗುತ್ತೇನೆ. ಸೋಂಕಿನ ಹೆಸರಲ್ಲಿ ಜನರ ಮನೆಗೆ ಹೋಗುವುದಕ್ಕೆ ಈ ಸೀಮೆಯಲ್ಲಿ ಒಂದು ಹಳೆಯ ಗಾಯ ಇದೆ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮುಂದಿನ ವರ್ಷ ಪುಣೆ. ಅಲ್ಲಿ ರ್‍ಯಾಂಡ್ ಅನ್ನುವ ಅಧಿಕಾರಿಯ ಕೈಕೆಳಗೆ ಸೋಲ್ಜರುಗಳು ಮನೆ ಹೊಕ್ಕು ಹುಡುಕಾಡಿದರು. ಅಡುಗೆ ಮನೆ, ದೇವರ ಮನೆ ಯಾವುದನ್ನೂ ಬಿಡಲಿಲ್ಲ ಅಂತ ಜನ ಕುದ್ದುಹೋದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹೊಡೆದರು. ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು, ನಮ್ಮ ಕಡೆ ಪ್ಲೇಗಮ್ಮನ ಗುಡಿಗಳು ಇನ್ನೂ ಇವೆ. ಮೊನ್ನೆ ಕೋವಿಡ್‌ನಲ್ಲೂ ಧಾರಾವಿಯಲ್ಲಿ ಪಿಪಿಇ, ಅಂದರೆ ಮೈ ಪೂರ್ತಿ ಮುಚ್ಚುವ ಬಟ್ಟೆ, ಹಾಕಿಕೊಂಡವರು ಬಾಗಿಲು ಬಡಿದಾಗ ಅಜ್ಜಿಯಂದಿರು ಒಳಗೆ ಅಡಗಿದ್ದನ್ನು ನೋಡಿದ್ದೇನೆ. ಆದರೂ 2020ರ ಜುಲೈಯಲ್ಲಿ ಮಾಟುಂಗಾ, ಚೆಂಬೂರು, ದಹಿಸರ್ ವಾರ್ಡುಗಳಲ್ಲಿ ಸುಮಾರು 7000 ಜನ ಕೋವಿಡ್ ಸಮೀಕ್ಷೆಯ ಪರೀಕ್ಷೆಗೆ ರಕ್ತ ಕೊಟ್ಟರು. ಝೋಪಡಪಟ್ಟಿ, ಅಂದರೆ ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನಕ್ಕೆ ಆಗಲೇ ಸೋಂಕು ಬಂದು ಹೋಗಿದೆ, ಬೇರೆ ಕಡೆ 16 ಅಂತ ಗೊತ್ತಾದದ್ದು ಅದರಿಂದ. ಜನ ಬಾಗಿಲು ತೆಗೆದದ್ದಕ್ಕೆ ಗೊತ್ತಾಯಿತು.

ಮಳೆಗಾಲದ್ದು ಬೇಗ ಹೇಳಿ ಮುಗಿಸುತ್ತೇನೆ. ನಿಂತ ನೀರಲ್ಲಿ ಕಾಲಿಟ್ಟರೆ, ಅದರಲ್ಲೂ ಕಾಲಲ್ಲಿ ಗಾಯ ಇದ್ದರೆ, ಲೆಪ್ಟೊ ಅಂದರೆ ಇಲಿ ಜ್ವರದ ಭಯ. ಮೂರು ದಿನದ ಒಳಗೆ ದವಾಖಾನೆಗೆ ಹೋಗಿ, ಡಾಕ್ಟರ್ ನೋಡಿ ಗುಳಿಗೆ ಕೊಡುತ್ತಾರೆ. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಂದರೆ ನಮ್ಮ ಡ್ಯೂಟಿ ಟೈಮಲ್ಲಿ. ನೀರಿನ ಡ್ರಮ್ಮಿನ ಪಕ್ಕ ಕೂರಬೇಡಿ, ಪೂರ್ತಿ ತೋಳಿನ ಬಟ್ಟೆ ಹಾಕಿ. ಬೆರಳು ಚುಚ್ಚಿ ರಕ್ತ ತೆಗೆಯುವ ಕೆಲಸ ಇದ್ದರೆ ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿರಬೇಕು, ಪೂರ್ತಿ ಆಗಲು ಆರು ತಿಂಗಳು ಬೇಕು, ಪ್ರಾಜೆಕ್ಟ್ ಸಿಕ್ಕ ಮೇಲೆ ಓಡಿದರೆ ಆಗುವುದಿಲ್ಲ. ಟೈಫಾಯ್ಡ್, ಧನುರ್ವಾಯು, ಚಿಕ್ಕಂದಿನಲ್ಲಿ ಆಗದಿದ್ದರೆ ದಡಾರ ಮತ್ತು ಚಿಕನ್‌ಪಾಕ್ಸ್, ಇವನ್ನೂ ಡಾಕ್ಟರ್ ಹತ್ತಿರ ಕೇಳಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಇಂಜೆಕ್ಷನ್.

ಕೊನೆಯದು ದುಡ್ಡು. ನಾನು ಆವತ್ತು ಜ್ವರದಲ್ಲಿ ಒಂಬತ್ತು ಮನೆ ಯಾಕೆ ಸುತ್ತಿದೆ? ಗೊತ್ತಿರಲಿಲ್ಲ ಅಂತಲ್ಲ. ಜ್ವರ ಇದ್ದಾಗ ಹೋಗಬಾರದು ಅಂತ ಗೊತ್ತಿತ್ತು, ತರಬೇತಿಯಲ್ಲಿ ನಾನೇ ಬೇರೆಯವರಿಗೆ ಹೇಳಿದ್ದೆ. ನಮಗೆ ಕೊಡುತ್ತಿದ್ದದ್ದು ಫಾರ್ಮಿಗೆ ಇಷ್ಟು ಅಂತ. ಮಲಗಿದ ದಿನಕ್ಕೆ ಸೊನ್ನೆ. ಈ ಪದ್ಧತಿ ಇರುವ ತನಕ ನಾನು ಇಲ್ಲಿ ಎರಡು ಗಂಟೆ ಕೂತು ಗಾಳಿ, ಮಾಸ್ಕ್, ಊದುಬತ್ತಿ ಅಂತ ಹೇಳಿದ್ದೆಲ್ಲ ಒಂದು ಜ್ವರದ ಗುಳಿಗೆಯ ಮುಂದೆ ಸೋಲುತ್ತದೆ. ಗುಳಿಗೆ ನುಂಗಿ ಮೈ ತಣ್ಣಗೆ ಮಾಡಿಕೊಂಡು ಹೋಗುತ್ತೀರಿ, ಯಾಕೆಂದರೆ ತಿಂಗಳ ಕೊನೆಗೆ ಖೋಲಿ ಬಾಡಿಗೆ ಕಟ್ಟಬೇಕು. ಕೆಲಸಕ್ಕೆ ಸೇರುವಾಗ ಮಾಸ್ಕ್ ಎಷ್ಟು ಕೊಡುತ್ತೀರಿ ಅಂತ ಕೇಳಬೇಡಿ, ಹುಷಾರಿಲ್ಲದ ದಿನಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿ. ಒಬ್ಬೊಬ್ಬರೇ ಕೇಳಿದರೆ ಕೆಲಸ ಹೋಗುತ್ತದೆ, ಇಡೀ ಟೀಮ್ ಸೇರಿ ಕೇಳಿ.

ಈಗ ನಾನೇ ಟೀಮ್ ನಡೆಸುತ್ತೇನೆ. ಹೋದ ಸಲ ಬಜೆಟ್ ಬರೆಯುವಾಗ ಒಂದು ಸಾಲು ಸೇರಿಸಿದೆ, ತಲೆಗೆ ತಿಂಗಳಿಗೆ ಮೂರು ದಿನ, ಕಾಯಿಲೆ ರಜೆ, ಸಂಬಳ ಸಮೇತ. ದುಡ್ಡು ಕೊಡುವವರು "ಇದು ಯಾವ ಖರ್ಚು" ಅಂತ ಸುತ್ತು ಹಾಕಿ ವಾಪಸ್ ಕಳಿಸಿದರು. ನಿಮಗೆ ಇವತ್ತು ಹೇಳಿದ್ದನ್ನೆಲ್ಲ ಬರೆದು ಕಳಿಸಿದೆ, ಬೇವಿನ ಸೊಪ್ಪಿನ ಕಥೆಯೂ ಸೇರಿ. ಒಂದು ತಿಂಗಳು ಬಿಟ್ಟು ಮಂಜೂರಾಗಿ ಬಂತು. ಮೂರು ದಿನ ಅಲ್ಲ, ಒಂದೂವರೆ ದಿನ. ಆ ಅರ್ಧ ದಿನದ ಜ್ವರ ಬೆಳಿಗ್ಗೆ ಬರಬೇಕೋ ಮಧ್ಯಾಹ್ನದ ಮೇಲೆ ಬರಬೇಕೋ ಅಂತ ಅವರಿಗೆ ಪತ್ರ ಬರೆದು ಕೇಳಿದ್ದೇನೆ.